ಸರದಿ ಬೇರೆ, ಸಿದ್ಧತೆ ಬೇರೆ: ಕಂಪನಿಯ ಮುಂದಿನ ಮುಖ್ಯಸ್ಥರು ಎಲ್ಲಿಂದ ಬರುತ್ತಾರೆ?

ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ನಾನು ಕೆಲವು ವರ್ಷ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ನಲವತ್ತು ಜನ ಕೆಲಸಗಾರರು, ಆರು ಸಿಎನ್‌ಸಿ ಮೆಷಿನ್, ಎರಡು ಹಳೇ ಲೇತ್. ಯಜಮಾನರೊಬ್ಬರದ್ದೇ ಪ್ರೊಪ್ರೈಟರ್‌ಶಿಪ್. ಒಂದು ಶುಕ್ರವಾರ ರಾತ್ರಿ ಅವರಿಗೆ ಎದೆನೋವು ಬಂತು. ಬೆಳಗ್ಗೆ ನಾವು ಕೆಲಸಕ್ಕೆ ಬರುವಷ್ಟರಲ್ಲಿ ಅವರು ಐಸಿಯುನಲ್ಲಿದ್ದರು. ಅವತ್ತು ಶನಿವಾರ, ಬಟವಾಡೆ ದಿನ.

ಖಾತೆಯಲ್ಲಿ ದುಡ್ಡಿತ್ತು. ತೆಗೆಯಲು ಆಗಲಿಲ್ಲ. ಚೆಕ್ಕಿಗೆ ಸಹಿ ಹಾಕುವವರು ಅವರೊಬ್ಬರೇ. ನೆಟ್ ಬ್ಯಾಂಕಿಂಗ್‌ನಲ್ಲಿ ಎಂಟ್ರಿ ನಾನು ಹಾಕಬಹುದಿತ್ತು, ಆದರೆ ಒಟಿಪಿ ಹೋಗುತ್ತಿದ್ದದ್ದು ಅವರ ಮೊಬೈಲಿಗೆ. ಆ ಮೊಬೈಲನ್ನು ಆಸ್ಪತ್ರೆಯವರು ಬಟ್ಟೆ, ವಾಚು, ಉಂಗುರದ ಜೊತೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮನೆಯವರ ಕೈಗೆ ಕೊಟ್ಟಿದ್ದರು. ಚಾರ್ಜ್ ಮುಗಿದು ಆಫ್ ಆಗಿತ್ತು. ಚಾರ್ಜಿಗೆ ಹಾಕಿ ಆನ್ ಮಾಡಿದರೆ ಲಾಕ್. ಪ್ಯಾಟರ್ನ್ ಯಾರಿಗೂ ಗೊತ್ತಿಲ್ಲ. ಕೊನೆಗೆ ಅವರ ಶ್ರೀಮತಿಯವರು ಬಳೆ ಅಡವಿಟ್ಟು ದುಡ್ಡು ತಂದರು. ಸಂಜೆ ಏಳಕ್ಕೆ ಬಟವಾಡೆ ಆಯಿತು.

ಸೋಮವಾರ ಇನ್ನೊಂದು ಸಮಸ್ಯೆ. ಒಬ್ಬ ಗಿರಾಕಿ ಫೋನ್ ಮಾಡಿ ಒಂದು ಶಾಫ್ಟಿನ ಜಾಬ್‌ವರ್ಕಿಗೆ ರೇಟು ಕೇಳಿದರು. ರೇಟೆಲ್ಲ ಯಜಮಾನರ ಜೇಬಿನ ಡೈರಿಯಲ್ಲಿತ್ತು. ಡೈರಿ ಸಿಕ್ಕಿತು. ಅದರಲ್ಲಿ ಇದ್ದದ್ದು ಬರೀ ಅಕ್ಷರ, ಚುಕ್ಕೆ, ಅಡ್ಡಗೆರೆ. ಯಾವ ಗಿರಾಕಿಗೆ ಎಷ್ಟು ಬಿಡಬಹುದು, ಯಾರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ, ಎಲ್ಲ ಅವರಿಗೆ ಮಾತ್ರ ಓದಲು ಬರುವ ಗುರುತು. ಇಪ್ಪತ್ತೆರಡು ವರ್ಷದಿಂದ ಇದ್ದ ಫೋರ್‌ಮನ್ ಆ ಡೈರಿಯನ್ನು ಎರಡು ಸಲ ತಿರುವಿ ಹಾಕಿ ಮೇಜಿನ ಮೇಲಿಟ್ಟರು. ಮೆಷಿನ್‌ಗಳು ಓಡುತ್ತಿದ್ದವು. ಕೆಲಸ ಬಲ್ಲ ಜನ ಇದ್ದರು. ತೀರ್ಮಾನ ತೆಗೆದುಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ.

ಇದನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳುವುದಕ್ಕೆ ದೊಡ್ಡ ಕಂಪನಿಗಳಲ್ಲಿ ಸಕ್ಸೆಷನ್ ಪ್ಲಾನಿಂಗ್ ಅನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ಉತ್ತರಾಧಿಕಾರಿ ಆಯ್ಕೆ ಎಂದು ಬರೆಯುತ್ತಾರೆ. ಆ ಪದದಲ್ಲೇ ಒಂದು ತೊಡಕಿದೆ. ಉತ್ತರಾಧಿಕಾರಿ ಅಂದ ತಕ್ಷಣ ನಮಗೆ ಅರಮನೆ, ಯುವರಾಜ, ಪಟ್ಟಾಭಿಷೇಕ ನೆನಪಾಗುತ್ತದೆ. ಒಂದು ಹೆಸರು ಗೊತ್ತಾದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಹೆಸರು ಹೇಳುವುದು ಕೊನೆಯ ಕೆಲಸ. ಅದಕ್ಕಿಂತ ಹಿಂದಿನ ಎಂಟು ಹತ್ತು ವರ್ಷ ಆ ಕಂಪನಿಯಲ್ಲಿ ಏನು ನಡೆಯಿತು ಅನ್ನುವುದೇ ನಿಜವಾದ ಪ್ಲಾನ್.

ನಾಳೆ ಬೆಳಗ್ಗೆ ಯಾರು?

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಮುಖ್ಯಸ್ಥರು ನಾಳೆ ಬೆಳಗ್ಗೆ ಆಫೀಸಿಗೆ ಬರದಿದ್ದರೆ ಯಾರು? ಇನ್ನು ಐದು ವರ್ಷಕ್ಕೆ ಅವರು ನಿವೃತ್ತರಾದರೆ ಯಾರು? ಎರಡಕ್ಕೂ ಉತ್ತರ ಒಂದೇ ಹೆಸರು ಆಗಬೇಕೆಂದಿಲ್ಲ. ನಾಳೆಗೆ ಬೇಕಾಗಿರುವುದು ಮನೆಯ ದೀಪ ಆರದಂತೆ ನೋಡಿಕೊಳ್ಳುವ ಅನುಭವಸ್ಥರು. ಐದು ವರ್ಷಕ್ಕೆ ಬೇಕಾಗಿರುವುದು ಮನೆಯನ್ನೇ ಬೇರೆ ರೀತಿ ಕಟ್ಟಬಲ್ಲವರು.

ಮೊದಲ ಪ್ರಶ್ನೆಗೆ ನಾನು ಯಾವಾಗಲೂ ಹೇಳುವ ಉದಾಹರಣೆ ಅಮೆರಿಕದ ಮೆಕ್‌ಡೊನಾಲ್ಡ್ಸ್‌ನದು. 2004ರ ಏಪ್ರಿಲ್ 19. ಅದರ ಮುಖ್ಯಸ್ಥ ಜಿಮ್ ಕ್ಯಾಂಟಲೂಪೊ ಫ್ಲೋರಿಡಾದ ಒರ್ಲಾಂಡೊಗೆ ಹೋಗಿದ್ದರು. ಅಲ್ಲಿ ಫ್ರಾಂಚೈಸಿ ಮಾಲೀಕರ ದೊಡ್ಡ ಸಮಾವೇಶ. ಅಂದು ಬೆಳಗಿನ ಜಾವ ಅವರು ಹೃದಯಾಘಾತದಿಂದ ತೀರಿಕೊಂಡರು. ಕಂಪನಿಯ ಬೋರ್ಡ್, ಅಂದರೆ ನಿರ್ದೇಶಕ ಮಂಡಳಿಯ ಸದಸ್ಯರು ಕೆಲವೇ ಗಂಟೆಗಳಲ್ಲಿ ಸೇರಿ, ಅದೇ ದಿನ ಚಾರ್ಲಿ ಬೆಲ್ ಅವರನ್ನು ಸಿಇಒ ಮಾಡಿದರು. 43 ವರ್ಷದ ಬೆಲ್ ಆಸ್ಟ್ರೇಲಿಯಾದವರು. 15ನೇ ವಯಸ್ಸಿನಲ್ಲಿ ಸಿಡ್ನಿಯ ಒಂದು ಅಂಗಡಿಯಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿ ಮೇಲೆ ಬಂದವರು. ಅಷ್ಟು ಬೇಗ ಹೆಸರು ಹೇಳಲು ಸಾಧ್ಯವಾದದ್ದು ಆ ಚರ್ಚೆ ಮೊದಲೇ ಮುಗಿದಿತ್ತು ಅನ್ನುವ ಕಾರಣಕ್ಕೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಕೆಲವೇ ವಾರಗಳಲ್ಲಿ ಬೆಲ್ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅದೇ ನವೆಂಬರ್‌ನಲ್ಲಿ ಅವರು ಹುದ್ದೆ ಬಿಟ್ಟರು, 2005ರ ಜನವರಿಯಲ್ಲಿ ತೀರಿಕೊಂಡರು. ಒಂದು ವರ್ಷದೊಳಗೆ ಎರಡು ಸಲ ಕುರ್ಚಿ ಖಾಲಿಯಾಯಿತು. ಎರಡನೇ ಸಲವೂ ಒಳಗಿನವರೇ ಆದ ಜಿಮ್ ಸ್ಕಿನ್ನರ್ ಬಂದರು, 2012ರವರೆಗೆ ನಡೆಸಿದರು. ಪ್ಲಾನ್ ಅಂದರೆ ಲಕೋಟೆಯಲ್ಲಿ ಮುಚ್ಚಿಟ್ಟ ಒಂದು ಹೆಸರಲ್ಲ ಅನ್ನುವುದು ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ. ಆ ಒಬ್ಬರ ಹಿಂದೆ ಇನ್ನೊಬ್ಬರು ಇರಬೇಕು. ನಮ್ಮ ಕಂಪನಿಗಳಲ್ಲಿ ಸೆಕೆಂಡ್ ಲೈನ್ ಅನ್ನುತ್ತೇವಲ್ಲ, ಅದು ಒಬ್ಬರೇ ನಿಂತಿರುವ ಲೈನ್ ಆಗಿರಬಾರದು.

ಇನ್ಫೋಸಿಸ್: 33 ವರ್ಷದ ಸರದಿ

ಎರಡನೇ ಪ್ರಶ್ನೆ ಕಷ್ಟದ್ದು. ಅದಕ್ಕೆ ದೂರ ಹೋಗಬೇಕಿಲ್ಲ, ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋದರೆ ಸಾಕು.

ಇನ್ಫೋಸಿಸ್ ಶುರುವಾದದ್ದು 1981ರಲ್ಲಿ, ಪುಣೆಯಲ್ಲಿ. ಸ್ಥಾಪಕರು ಏಳು ಜನ. 1983ರಲ್ಲಿ ಬೆಂಗಳೂರಿಗೆ ಬಂತು. ಎನ್.ಆರ್. ನಾರಾಯಣ ಮೂರ್ತಿ ಅವರು 2002ರವರೆಗೆ ಸಿಇಒ ಆಗಿದ್ದರು. ಆಮೇಲೆ ನಂದನ್ ನಿಲೇಕಣಿ, 2007ರಿಂದ ಎಸ್. ಗೋಪಾಲಕೃಷ್ಣನ್, 2011ರಿಂದ ಎಸ್.ಡಿ. ಶಿಬುಲಾಲ್. ನಾಲ್ಕೂ ಜನ ಸ್ಥಾಪಕರೇ. ಒಬ್ಬರಾದ ಮೇಲೆ ಒಬ್ಬರು, ಗಲಾಟೆಯಿಲ್ಲದೆ, ನಗುನಗುತ್ತಾ ಅಧಿಕಾರ ಬಿಟ್ಟುಕೊಟ್ಟರು. ಆ ಕಾಲದಲ್ಲಿ ಇದನ್ನು ನೋಡಿ ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದ್ದೆ. ಅಪ್ಪನಿಂದ ಮಗನಿಗೆ ಹೋಗುವ ಕಂಪನಿಗಳೇ ತುಂಬಿದ್ದ ದೇಶದಲ್ಲಿ ಅದು ದೊಡ್ಡ ವಿಷಯವೇ ಆಗಿತ್ತು.

ಈಗ ಹಿಂತಿರುಗಿ ನೋಡಿದರೆ ಅಲ್ಲೊಂದು ಕೊರತೆ ಕಾಣುತ್ತದೆ. ಅದು ಸರದಿ. ಮುಂದಿನವರು ಯಾರು ಅನ್ನುವುದಕ್ಕೆ ಉತ್ತರ ಸ್ಥಾಪಕರ ಪಟ್ಟಿಯಲ್ಲೇ ಇತ್ತು, ಅದಕ್ಕೇ ಬೇರೆ ಕಡೆ ಹುಡುಕುವ ಅಗತ್ಯ ಬೀಳಲಿಲ್ಲ. ಸರದಿ ಸರಾಗವಾಗಿ ಸಾಗಿದಷ್ಟೂ ಸಿದ್ಧತೆಯೂ ಸಾಗುತ್ತಿದೆ ಎಂದು ಎಲ್ಲರೂ ಅಂದುಕೊಂಡರು. ಪಟ್ಟಿ ಮುಗಿಯುವ ಹೊತ್ತಿಗೆ, ಸ್ಥಾಪಕರಲ್ಲದವರು ಕಂಪನಿ ನಡೆಸುವುದು ಹೇಗೆ ಅನ್ನುವುದಕ್ಕೆ ಇನ್ಫೋಸಿಸ್ ಬಳಿ 33 ವರ್ಷದಲ್ಲಿ ಒಂದು ದಿನದ ಅನುಭವವೂ ಇರಲಿಲ್ಲ.

2011ರಲ್ಲಿ ಮೂರ್ತಿ ಅವರು 65 ವರ್ಷಕ್ಕೆ ಚೇರ್ಮನ್ ಹುದ್ದೆಯಿಂದ ನಿವೃತ್ತರಾದರು. ಆ ಜಾಗಕ್ಕೆ ಬ್ಯಾಂಕಿಂಗ್ ಕ್ಷೇತ್ರದ ಕೆ.ವಿ. ಕಾಮತ್ ಬಂದರು. ಆಗ ಕಂಪನಿಯ ಬೆಳವಣಿಗೆ ಎದುರಾಳಿಗಳಿಗೆ ಹೋಲಿಸಿದರೆ ಕುಂಠಿತವಾಗಿತ್ತು. 2013ರ ಜೂನ್ 1ಕ್ಕೆ ಮೂರ್ತಿ ಅವರನ್ನು ಬೋರ್ಡ್ ಮತ್ತೆ ಕರೆಯಿತು. ಅವರು ಎಕ್ಸಿಕ್ಯೂಟಿವ್ ಚೇರ್ಮನ್, ಅಂದರೆ ದಿನನಿತ್ಯದ ಆಡಳಿತವನ್ನೂ ನೋಡುವ ಚೇರ್ಮನ್ ಆಗಿ ಬಂದರು. ಅಲ್ಲಿಂದ ಒಂದು ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಹಿರಿಯ ಅಧಿಕಾರಿಗಳು ಕಂಪನಿ ಬಿಟ್ಟರು. ಅಶೋಕ್ ವೇಮೂರಿ ಐಗೇಟ್‌ನ ಸಿಇಒ ಆಗಿ ಹೋದರು. ಮೊದಲು ಸಿಎಫ್‌ಒ, ಅಂದರೆ ಹಣಕಾಸು ಮುಖ್ಯಸ್ಥರಾಗಿದ್ದ ವಿ. ಬಾಲಕೃಷ್ಣನ್ ಹೊರಟರು. ಬಿ.ಜಿ. ಶ್ರೀನಿವಾಸ್ ಅವರನ್ನು 2014ರ ಜನವರಿಯಲ್ಲಿ ಪ್ರೆಸಿಡೆಂಟ್ ಮಾಡಿದ್ದರು, ಮುಂದಿನ ಸಿಇಒ ಅವರೇ ಎಂದು ಬಹಳ ಜನ ಅಂದುಕೊಂಡಿದ್ದರು. ಅದೇ ಮೇನಲ್ಲಿ ಅವರೂ ಹೊರಟರು.

ಇವರೆಲ್ಲ ಒಂದು ದಿನದಲ್ಲಿ ಬೆಳೆದವರಲ್ಲ. ಇನ್ಫೋಸಿಸ್ ತನ್ನ ಸೆಕೆಂಡ್ ಲೈನ್ ಬೆಳೆಸಿರಲಿಲ್ಲ ಎಂದರೆ ತಪ್ಪಾಗುತ್ತದೆ. ಮೈಸೂರಿನ ಕ್ಯಾಂಪಸ್‌ನಲ್ಲಿ ನಾಯಕರನ್ನು ತಯಾರು ಮಾಡಲೆಂದೇ ಒಂದು ಸಂಸ್ಥೆ ಕಟ್ಟಿದ್ದರು. ಜನ ಇದ್ದರು, ತರಬೇತಿ ಇತ್ತು. ಕೊನೆಯ ಮೆಟ್ಟಿಲು ತಮಗೆ ಸಿಗುತ್ತದೆ ಅನ್ನುವ ನಂಬಿಕೆ ಇರಲಿಲ್ಲ ಅನ್ನುವುದು ನನ್ನ ಅಂದಾಜು. ನಲವತ್ತೈದು ಐವತ್ತರ ವಯಸ್ಸಿನ ಸಮರ್ಥರೊಬ್ಬರು ಹತ್ತು ವರ್ಷ ಕಾಯುತ್ತಾರೆ. ಆಮೇಲೆ ಯಾರೋ ಹಿಂತಿರುಗಿ ಬಂದು ಅದೇ ಕುರ್ಚಿಯ ಪಕ್ಕ ಕೂತರೆ ಅವರು ಇನ್ನೊಂದು ಕಂಪನಿಯ ಫೋನ್ ಎತ್ತುತ್ತಾರೆ. ಸಹಜ ಅಲ್ವಾ?

2014ರ ಆಗಸ್ಟ್ 1ರಂದು ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿಯಿಂದ ಬಂದ ವಿಶಾಲ್ ಸಿಕ್ಕಾ ಸಿಇಒ ಆದರು. ಸ್ಥಾಪಕರಲ್ಲದ ಮೊದಲ ಸಿಇಒ. ಹೊರಗಿನವರು ಬೇರೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಇಸ್ರೇಲ್ ಮೂಲದ ಪನಾಯಾ ಕಂಪನಿಯನ್ನು 20 ಕೋಟಿ ಡಾಲರ್ ಕೊಟ್ಟು ಕೊಂಡದ್ದರ ಬಗ್ಗೆ, ಹುದ್ದೆ ಬಿಟ್ಟ ಒಬ್ಬ ಹಿರಿಯ ಅಧಿಕಾರಿಗೆ ಕೊಡಲೊಪ್ಪಿದ ಮೊತ್ತದ ಬಗ್ಗೆ ತಕರಾರು ಎದ್ದಿತು. ಮೂರ್ತಿ ಅವರು ಬಹಿರಂಗವಾಗಿಯೇ ಪ್ರಶ್ನೆ ಕೇಳಿದರು. 2017ರ ಆಗಸ್ಟ್ 18, ಶುಕ್ರವಾರ, ಸಿಕ್ಕಾ ರಾಜೀನಾಮೆ ಕೊಟ್ಟರು. ಒಂದೇ ದಿನದಲ್ಲಿ ಷೇರು ಶೇ 9ಕ್ಕೂ ಹೆಚ್ಚು ಕುಸಿಯಿತು. ಮೂರ್ತಿ ಅವರ ಟೀಕೆಗಳೇ ಇದಕ್ಕೆ ಕಾರಣ ಎಂದು ಬೋರ್ಡ್ ಹೇಳಿತು. ಮೂರ್ತಿ ಅವರು ಅದನ್ನು ಒಪ್ಪಲಿಲ್ಲ, ತಮ್ಮ ಕಳಕಳಿ ಇರುವುದು ಕಂಪನಿಯ ಆಡಳಿತದ ಗುಣಮಟ್ಟದ ಬಗ್ಗೆ ಎಂದರು.

ಯಾರು ಸರಿ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆ ವಿಷಯ. ಸ್ಥಾಪಕರ ಕುಟುಂಬಗಳ ಕೈಯಲ್ಲಿ ಆಗ ಶೇ 13ರಷ್ಟು ಷೇರು ಇತ್ತು. ಅವರು ಬೋರ್ಡ್‌ನಲ್ಲಿ ಇರಲಿಲ್ಲ. ಹಾಗಿದ್ದರೆ ಅವರ ಮಾತಿಗೆ ಎಷ್ಟು ತೂಕ? ಯಾವ ವಿಷಯಕ್ಕೆ ಅವರನ್ನು ಕೇಳಬೇಕು, ಯಾವುದಕ್ಕೆ ಕೇಳಬೇಕಿಲ್ಲ? ಅಸಮಾಧಾನ ಇದ್ದರೆ ಯಾವ ಬಾಗಿಲು ತಟ್ಟಬೇಕು? ಹೊಸಬರು ಬರುವ ಮೊದಲೇ ಕೂತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆಗಳು ಇವು. ಹೊಸ ಸಿಇಒ ಹುಡುಕುವುದರಲ್ಲಿ ತೋರಿಸುವ ಶ್ರದ್ಧೆಯಲ್ಲಿ ಕಾಲು ಭಾಗವನ್ನಾದರೂ ಕಂಪನಿಗಳು ಹಳಬರ ಜಾಗ ಗೊತ್ತುಮಾಡುವುದಕ್ಕೆ ತೋರಿಸಬೇಕು.

ಆಗಸ್ಟ್ 24ಕ್ಕೆ ನಿಲೇಕಣಿ ಚೇರ್ಮನ್ ಆಗಿ ಮರಳಿದರು. ಹತ್ತು ವರ್ಷದ ಹಿಂದೆ ತಾವೇ ಸಿಇಒ ಆಗಿದ್ದವರು. ಆದರೆ ಈ ಸಲ ಬಂದದ್ದು ನಾನ್-ಎಕ್ಸಿಕ್ಯೂಟಿವ್ ಆಗಿ. ದಿನನಿತ್ಯದ ಕೆಲಸವನ್ನು ಯು.ಬಿ. ಪ್ರವೀಣ್ ರಾವ್ ಹಂಗಾಮಿ ಸಿಇಒ ಆಗಿ ನೋಡಿಕೊಂಡರು. ಕ್ಯಾಪ್‌ಜೆಮಿನಿಯಿಂದ ಸಲೀಲ್ ಪಾರೇಖ್ ಅವರನ್ನು ಆರಿಸಿ, 2018ರ ಜನವರಿ 2ಕ್ಕೆ ಅಧಿಕಾರ ಕೊಟ್ಟರು. ಸ್ಥಾಪಕರು ವಾಪಸ್ ಬಂದದ್ದು ಎರಡು ಸಲ. ಎರಡನೇ ಸಲ ಬಂದವರು ಕುರ್ಚಿ ಪಕ್ಕ ಕೂರಲಿಲ್ಲ, ಕುರ್ಚಿಗೆ ಜನ ಹುಡುಕಿಕೊಟ್ಟು ಹಿಂದೆ ನಿಂತರು. ಪಾರೇಖ್ ಅವರನ್ನು 2022ರಲ್ಲಿ ಮತ್ತೆ ನೇಮಿಸಿ, ಅವಧಿಯನ್ನು 2027ರ ಮಾರ್ಚ್‌ವರೆಗೆ ವಿಸ್ತರಿಸಿದರು. ಕಂಪನಿಗೆ ಸ್ಥಿರತೆ ಸಿಕ್ಕಿತು. ಅದರ ಬೆಲೆಯೂ ಇತ್ತು. ಅದೇ ವರ್ಷ ಪ್ರೆಸಿಡೆಂಟ್ ಆಗಿದ್ದ ರವಿಕುಮಾರ್ ಹೊರಟರು, 2023ರ ಜನವರಿಯಲ್ಲಿ ಕಾಗ್ನಿಜೆಂಟ್‌ನ ಸಿಇಒ ಆದರು. 2023ರಲ್ಲಿ ಇನ್ನೊಬ್ಬ ಪ್ರೆಸಿಡೆಂಟ್ ಮೋಹಿತ್ ಜೋಶಿ ಟೆಕ್ ಮಹೀಂದ್ರಾಗೆ ಮುಖ್ಯಸ್ಥರಾಗಿ ಹೋದರು. ಮೇಲಿನವರ ಅವಧಿ ಐದು ವರ್ಷ ಉದ್ದವಾದರೆ ಕೆಳಗಿನವರು ಕಾಯುವುದೂ ಐದು ವರ್ಷ ಉದ್ದವಾಗುತ್ತದೆ. ಮರುನೇಮಕದ ಮೀಟಿಂಗ್‌ನಲ್ಲಿ ಈ ಲೆಕ್ಕವನ್ನೂ ಹಾಕಬೇಕು.

ಟೈಟಾನ್‌ನಲ್ಲಿ ಗಲಾಟೆ ಯಾಕಾಗಲಿಲ್ಲ?

ಅದೇ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಟೈಟಾನ್ ಕಂಪನಿಯ ಕೇಂದ್ರ ಕಚೇರಿ ಇದೆ. ಟಾಟಾ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೊ ಸೇರಿ 1984ರಲ್ಲಿ ಶುರುಮಾಡಿದ ಕಂಪನಿ. ಮೊದಲ ಕಾರ್ಖಾನೆ ಹೊಸೂರಿನಲ್ಲಿ. ಕಟ್ಟಿದವರು ಜರ್ಕ್ಸೀಸ್ ದೇಸಾಯಿ. 2002ರಲ್ಲಿ ಅವರ ಜಾಗಕ್ಕೆ ಭಾಸ್ಕರ್ ಭಟ್ ಬಂದರು, 2019ರವರೆಗೆ ಇದ್ದರು. ಆಮೇಲೆ ಸಿ.ಕೆ. ವೆಂಕಟರಾಮನ್. 2026ರ ಜನವರಿಯಿಂದ ಅಜೋಯ್ ಚಾವ್ಲಾ. ನಾಲ್ಕು ದಶಕದಲ್ಲಿ ಮೂರು ಬದಲಾವಣೆ. ಮೂರಕ್ಕೂ ಪತ್ರಿಕೆಗಳಲ್ಲಿ ದೊಡ್ಡ ತಲೆಬರಹವೇ ಬರಲಿಲ್ಲ, ಅದಕ್ಕೇ ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಹತ್ತಿರದಿಂದ ನೋಡಿದರೆ ಒಂದು ವಿಷಯ ಕಾಣುತ್ತದೆ. ವೆಂಕಟರಾಮನ್ ಟೈಟಾನ್ ಸೇರಿದ್ದು 1990ರಲ್ಲಿ. 2005ರಲ್ಲಿ ಅವರಿಗೆ ಆಭರಣ ವಿಭಾಗ ಕೊಟ್ಟರು. ತನಿಷ್ಕ್ ಶುರುವಿನ ವರ್ಷಗಳಲ್ಲಿ ನಷ್ಟದಲ್ಲಿದ್ದ ವ್ಯವಹಾರ. ನಮ್ಮ ಜನ ಚಿನ್ನ ಕೊಳ್ಳುವುದು ಮೂರು ತಲೆಮಾರಿನಿಂದ ಗೊತ್ತಿರುವ ಆಚಾರಿಯ ಹತ್ತಿರ, ಊರಿನ ಸೇಠುಗಳ ಹತ್ತಿರ. ಅಂಥವರಿಗೆ ಶೋರೂಮಿನಲ್ಲಿ ಚಿನ್ನ ಮಾರುವುದು ಸುಮ್ನೆ ಮಾತಲ್ಲ. ಆ ವಿಭಾಗವನ್ನು ಅವರು ಹದಿನಾಲ್ಕು ವರ್ಷ ನಡೆಸಿದರು. ಅದು ಕಂಪನಿಯ ಅತಿ ದೊಡ್ಡ ವಿಭಾಗವಾಯಿತು. ಅವರು 2019ರಲ್ಲಿ ಎಂಡಿ ಆದಾಗ ಆಭರಣ ವಿಭಾಗ ಚಾವ್ಲಾ ಅವರ ಕೈಗೆ ಹೋಯಿತು. ಚಾವ್ಲಾ ಅದಕ್ಕಿಂತ ಮೊದಲು ಹೊಸ ವ್ಯವಹಾರಗಳನ್ನು ಹುಟ್ಟುಹಾಕುವ ಕೆಲಸದಲ್ಲಿದ್ದವರು.

ಇದೂ ಸರದಿಯೇ ಅಲ್ವಾ ಎಂದು ನೀವು ಕೇಳಬಹುದು. ಹೊರಗಿನಿಂದ ಹಾಗೇ ಕಾಣುತ್ತದೆ. ವ್ಯತ್ಯಾಸ ಇರುವುದು ಮುಂದಿನವರ ಕೈಗೆ ಏನು ಕೊಟ್ಟಿದ್ದರು ಅನ್ನುವುದರಲ್ಲಿ. ಲಾಭ ನಷ್ಟ ಎರಡೂ ತನ್ನ ತಲೆಮೇಲೆ ಬರುವಂಥ ಒಂದು ಪೂರ್ತಿ ವ್ಯವಹಾರ. ಅಲ್ಲಿ ಬೆಲೆ ಅವರೇ ನಿಗದಿ ಮಾಡಬೇಕು, ಜನರನ್ನು ಅವರೇ ಆರಿಸಬೇಕು, ಚಿನ್ನದ ದರ ಏರಿಳಿದರೆ ಅವರೇ ನಿದ್ದೆಗೆಡಬೇಕು. ಎಂಡಿ ಕುರ್ಚಿಗೆ ಬರುವ ಹೊತ್ತಿಗೆ ಅವರ ಹಣೆಬರಹ ಬೋರ್ಡ್‌ಗೆ ಹತ್ತು ವರ್ಷದಿಂದ ಗೊತ್ತು.

ಮುಖ್ಯಸ್ಥರನ್ನು ತಯಾರು ಮಾಡುವ ಕೆಲಸದ ತಿರುಳು ಇದೇ ಎಂದು ನಾನು ನಂಬಿದ್ದೇನೆ. ಟ್ರೇನಿಂಗ್, ವಿದೇಶಿ ವಿಶ್ವವಿದ್ಯಾಲಯದ ಆರು ವಾರದ ಕೋರ್ಸು, ಕೋಚ್, ಎಲ್ಲ ಸಹಾಯಕ್ಕೆ ಬರುತ್ತವೆ. ತಪ್ಪು ಮಾಡಲು ಅವಕಾಶವಿರುವ, ತಪ್ಪಿಗೆ ಬೆಲೆಯೂ ಇರುವ ಒಂದು ಜಾಗ ಕೊಡದಿದ್ದರೆ ಅವುಗಳಿಂದ ಹೆಚ್ಚೇನೂ ಆಗದು. ಆ್ಯಪಲ್‌ನಲ್ಲಿ ಟಿಮ್ ಕುಕ್ 2011ರ ಆಗಸ್ಟ್‌ನಲ್ಲಿ ಸಿಇಒ ಆಗುವ ಮೊದಲು, ಸ್ಟೀವ್ ಜಾಬ್ಸ್ ಅನಾರೋಗ್ಯದಿಂದ ರಜೆ ಹೋದಾಗ 2004ರಲ್ಲಿ, 2009ರಲ್ಲಿ, 2011ರ ಶುರುವಿನಲ್ಲಿ ಕಂಪನಿ ನಡೆಸಿದ್ದರು. ಯಾರೂ ಬಯಸಿ ಮಾಡಿದ ತಾಲೀಮು ಅಲ್ಲ ಅದು. ಆದರೂ ತಾಲೀಮೇ.

ಬೋರ್ಡ್ ರೂಮಿನಲ್ಲಿ ಏನು ನಡೆಯಬೇಕು

ಕಾನೂನು ಏನು ಹೇಳುತ್ತದೆ ಅಂತ ಬೇಗ ನೋಡಿಬಿಡೋಣ. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ, ಆ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮಗಳಿವೆ. ಬೋರ್ಡ್‌ಗೆ ಮತ್ತು ಹಿರಿಯ ಹುದ್ದೆಗಳಿಗೆ ಮುಂದಿನವರು ಬರುವ ವ್ಯವಸ್ಥೆ ಇದೆಯೇ ಎಂದು ಬೋರ್ಡ್ ಖಾತ್ರಿ ಮಾಡಿಕೊಳ್ಳಬೇಕು. 2013ರ ಕಂಪನಿ ಕಾಯ್ದೆ ಪ್ರಕಾರ ಹಿರಿಯ ಹುದ್ದೆಗಳ ನೇಮಕ, ಸಂಬಳ ನೋಡುವ ನಾಮಿನೇಷನ್ ಅಂಡ್ ರೆಮ್ಯುನರೇಷನ್ ಕಮಿಟಿ ಬೋರ್ಡ್‌ನಲ್ಲಿ ಇರಬೇಕು. ಕಂಪನಿಗಳಲ್ಲಿ ಎಲ್ಲರೂ ಅದನ್ನು ಎನ್‌ಆರ್‌ಸಿ ಅನ್ನುತ್ತಾರೆ. ಮುಖ್ಯ ಹುದ್ದೆ ಖಾಲಿಯಾದರೆ ಆರು ತಿಂಗಳೊಳಗೆ ತುಂಬಬೇಕೆಂದು ಕಾಯ್ದೆ ಹೇಳುತ್ತದೆ. ಷೇರುಪೇಟೆಯ ಕಂಪನಿಗಳಿಗೆ ಸೆಬಿ 2023ರಲ್ಲಿ ಅದನ್ನು ಮೂರು ತಿಂಗಳಿಗೆ ಇಳಿಸಿತು. ಮೂರು ತಿಂಗಳಲ್ಲಿ ಹುಡುಕಿ, ಮಾತಾಡಿ, ಹಳೇ ಕಂಪನಿಯ ನೋಟಿಸ್ ಪಿರಿಯಡ್ ಮುಗಿಸಿ ಕರೆತರುವುದು ಎಷ್ಟು ಕಷ್ಟ ಯೋಚಿಸಿ. ಬಾಯಾರಿದಾಗ ಬಾವಿ ತೋಡಲು ಹೊರಟರೆ ಆ ಗಡುವಿನೊಳಗೆ ನೀರು ಸಿಗುವುದಿಲ್ಲ.

ಎನ್‌ಆರ್‌ಸಿ ಚೆನ್ನಾಗಿ ಕೆಲಸ ಮಾಡುವ ಕಡೆ ಮಾತು ಹೆಸರಿನಿಂದ ಶುರುವಾಗುವುದಿಲ್ಲ. ಮುಂದಿನ ಐದಾರು ವರ್ಷದಲ್ಲಿ ಕಂಪನಿ ಎದುರಿಸಬೇಕಾದದ್ದು ಏನು ಅನ್ನುವುದರಿಂದ ಶುರುವಾಗುತ್ತದೆ. ಸಾಲ ತೀರಿಸಬೇಕಾದ ಕಂಪನಿಗೆ ಬೇಕಾದವರೇ ಬೇರೆ, ಹೊಸ ದೇಶಕ್ಕೆ ಕಾಲಿಡುವ ಕಂಪನಿಗೆ ಬೇಕಾದವರೇ ಬೇರೆ. ಈಗಿನ ಮುಖ್ಯಸ್ಥರ ನೆರಳಿನಂಥವರನ್ನೇ ಹುಡುಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅವರು ಗೆದ್ದದ್ದು ನಿನ್ನೆಯ ಆಟ. ಕೆಲಸ ಗೊತ್ತಾದ ಮೇಲೆ ಮೂರು ನಾಲ್ಕು ಜನರ ಬಗ್ಗೆ ವರ್ಷಕ್ಕೊಮ್ಮೆಯಾದರೂ ಮನಸ್ಸು ಬಿಚ್ಚಿ ಮಾತಾಡಬೇಕು. ಯಾರು ಈಗಲೇ ರೆಡಿ, ಯಾರಿಗೆ ಎರಡು ವರ್ಷ ಬೇಕು, ಆ ಎರಡು ವರ್ಷದಲ್ಲಿ ಅವರಿಗೆ ಯಾವ ವಿಭಾಗ ಕೊಡಬೇಕು. ಮೂರನೇ ಪ್ರಶ್ನೆ ಕೇಳದಿದ್ದರೆ ಮೊದಲ ಎರಡಕ್ಕೆ ಅರ್ಥವಿಲ್ಲ. ಎಷ್ಟೋ ಕಡೆ ಒಬ್ಬರ ಹೆಸರಿನ ಮುಂದೆ ‘ಎರಡು ವರ್ಷ ಬೇಕು’ ಎಂದು ಬರೆದ ಹಾಳೆ ಐದು ವರ್ಷ ಹಾಗೇ ಇರುತ್ತದೆ.

ಒಳಗಿನವರೋ ಹೊರಗಿನವರೋ? ಒಳಗಿನವರಿಗೆ ಕಂಪನಿಯ ನಾಡಿ ಗೊತ್ತು, ಆದರೆ ಹಳೇ ಸ್ನೇಹ, ಹಳೇ ಹಂಗು ಇರುತ್ತದೆ. ಹೊರಗಿನವರಿಗೆ ಹಂಗಿಲ್ಲ, ನಾಡಿಯೂ ಗೊತ್ತಿಲ್ಲ. ಕಂಪನಿ ಸರಿಯಾಗಿ ನಡೆಯುತ್ತಿದ್ದರೆ ನಾನು ಒಳಗಿನವರ ಪರ. ದಾರಿಯೇ ಬದಲಾಗಬೇಕಿದ್ದರೆ ಹೊರಗೆ ನೋಡುವುದು ಸರಿ. ಹಾಗೆ ಮಾಡಿದಾಗ, ಒಳಗೆ ಕಾಯುತ್ತಿದ್ದ ಮೂವರಲ್ಲಿ ಇಬ್ಬರಾದರೂ ಹೋಗುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಒಳಗಿನವರನ್ನೇ ಆರಿಸಿದರೂ ಸೋತವರು ಉಳಿಯುವ ಭರವಸೆ ಇಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿಯಲ್ಲಿ ಜಾಕ್ ವೆಲ್ಚ್ ಅವರ ನಂತರ ಯಾರು ಎಂದು ಮೂವರ ನಡುವೆ ಬಹಿರಂಗ ಸ್ಪರ್ಧೆಯೇ ನಡೆದಿತ್ತು. ಜೆಫ್ ಇಮ್ಮೆಲ್ಟ್ ಗೆದ್ದರು. ಹೆಸರು ಹೊರಬಿದ್ದ ಕೆಲವೇ ದಿನಗಳಲ್ಲಿ ಉಳಿದಿಬ್ಬರು ಹೋಂ ಡಿಪೊ ಮತ್ತು 3ಎಂ ಕಂಪನಿಗಳಿಗೆ ಮುಖ್ಯಸ್ಥರಾಗಿ ಹೊರಟರು. ಸ್ಪರ್ಧೆಗೆ ಬಿಟ್ಟವರು ಇಂಥದ್ದಕ್ಕೆ ಸಿದ್ಧರಿರಬೇಕು. ಹೋದವರ ವಿಭಾಗ ನೋಡಿಕೊಳ್ಳುವವರೂ ಆಗಲೇ ಗೊತ್ತಿರಬೇಕು.

ಹೋಗುವವರು ನಿಜವಾಗಿ ಹೋಗುವುದು

ಇಷ್ಟೆಲ್ಲ ಮಾಡಿದರೂ ಕೆಡುವುದುಂಟು. ಟಾಟಾ ಸಮೂಹದ ಮಾತೃ ಕಂಪನಿ ಟಾಟಾ ಸನ್ಸ್, ಚೇರ್ಮನ್ ರತನ್ ಟಾಟಾ ಅವರ ನಂತರ ಯಾರು ಎಂದು ನೋಡಲು 2010ರಲ್ಲಿ ಒಂದು ಆಯ್ಕೆ ಸಮಿತಿ ಮಾಡಿತು. 2011ರಲ್ಲಿ ಸೈರಸ್ ಮಿಸ್ತ್ರಿ ಅವರ ಹೆಸರು ಹೇಳಿತು. ಅವರು ಒಂದು ವರ್ಷ ರತನ್ ಟಾಟಾ ಅವರ ಜೊತೆ ಡೆಪ್ಯುಟಿ ಚೇರ್ಮನ್ ಆಗಿದ್ದು, 2012ರ ಡಿಸೆಂಬರ್‌ನಲ್ಲಿ ಅಧಿಕಾರ ವಹಿಸಿಕೊಂಡರು. ಪುಸ್ತಕದಲ್ಲಿ ಹೇಳಿದ ಹಾಗೇ ಎಲ್ಲ ನಡೆಯಿತು. 2016ರ ಅಕ್ಟೋಬರ್ 24ರಂದು ಬೋರ್ಡ್ ಅವರನ್ನು ತೆಗೆದುಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2021ರಲ್ಲಿ ಟಾಟಾ ಸನ್ಸ್ ಪರ ತೀರ್ಪು ಬಂತು. ಅಲ್ಲಿ ಶೇ 66ರಷ್ಟು ಪಾಲು ಟಾಟಾ ಟ್ರಸ್ಟ್‌ಗಳದ್ದು. ರತನ್ ಟಾಟಾ ಕಂಪನಿಯಿಂದ ನಿವೃತ್ತರಾದರೂ ಟ್ರಸ್ಟ್‌ಗಳ ಮುಖ್ಯಸ್ಥರಾಗಿ ಉಳಿದಿದ್ದರು. ಚೇರ್ಮನ್‌ಗೂ ಟ್ರಸ್ಟ್‌ಗಳಿಗೂ ನಡುವೆ ಗೆರೆ ಎಲ್ಲಿ ಅನ್ನುವುದು ಇತ್ಯರ್ಥವಾಗಿರಲಿಲ್ಲ. ಇನ್ಫೋಸಿಸ್‌ನಲ್ಲಿ ಕೇಳಿದ ಪ್ರಶ್ನೆಯೇ ಇಲ್ಲೂ ಬಂತು ನೋಡಿ.

ಕಟ್ಟಿದವರಿಗೆ ಬಿಡುವುದು ಎಷ್ಟು ಕಷ್ಟ ಅನ್ನುವುದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಮೂವತ್ತು ವರ್ಷ ಬೆಳಗ್ಗೆ ಎದ್ದು ಹೋಗುತ್ತಿದ್ದ ಜಾಗ ಅದು. ಹಾಗಾಗಿಯೇ ಕೆಲವು ಕಡೆ ತೀರ್ಮಾನವನ್ನು ಮನಸ್ಸಿಗೆ ಬಿಡದೆ ನಿಯಮಕ್ಕೆ ಬಿಡುತ್ತಾರೆ. 2021ರಲ್ಲಿ ರಿಸರ್ವ್ ಬ್ಯಾಂಕ್, ಖಾಸಗಿ ಬ್ಯಾಂಕಿನ ಎಂಡಿ ಒಂದೇ ಹುದ್ದೆಯಲ್ಲಿ 15 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ, 70 ದಾಟಿದ ಮೇಲೂ ಇರುವಂತಿಲ್ಲ ಎಂದಿತು. ಉದಯ್ ಕೋಟಕ್ ತಾವೇ ಕಟ್ಟಿದ ಬ್ಯಾಂಕಿನ ಹುದ್ದೆಯನ್ನು 2023ರ ಸೆಪ್ಟೆಂಬರ್ 1ರಂದು, ಅವಧಿ ಮುಗಿಯಲು ಇನ್ನೂ ಕೆಲವು ತಿಂಗಳಿರುವಾಗಲೇ ಬಿಟ್ಟರು. ದಿನಾಂಕ ಮೊದಲೇ ಗೊತ್ತಿದ್ದರೆ ಎಲ್ಲರಿಗೂ ಒಳ್ಳೆಯದು. ಕಾಯುವವರಿಗೂ ಒಂದು ಲೆಕ್ಕ ಸಿಗುತ್ತದೆ.

ಇದೆಲ್ಲ ದೊಡ್ಡವರ ಮಾತಾಯಿತು, ನಮ್ಮಂಥ ಸಣ್ಣವರಿಗೇನು ಅನ್ನಬೇಡಿ. ಪೆಟ್ಟು ಜಾಸ್ತಿ ಬೀಳುವುದು ಸಣ್ಣವರಿಗೇ. ಪ್ರೊಪ್ರೈಟರ್‌ಶಿಪ್‌ಗೆ ಯಜಮಾನರಿಂದ ಬೇರೆಯಾದ ಅಸ್ತಿತ್ವವೇ ಇಲ್ಲ. ಅವರು ತೀರಿಕೊಂಡರೆ ವಾರಸುದಾರರು ಹೊಸದಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಹಳೇ ತೆರಿಗೆ ಕ್ರೆಡಿಟ್ಟನ್ನು ಐಟಿಸಿ-02 ಫಾರಂ ಹಾಕಿ ವರ್ಗಾಯಿಸಿಕೊಳ್ಳಬೇಕು. ಪಾಲುದಾರಿಕೆ ಸಂಸ್ಥೆಯಾದರೆ 1932ರ ಕಾಯ್ದೆ ನೋಡಿ. ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಒಬ್ಬ ಪಾಲುದಾರರು ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆ ಆಗುತ್ತದೆ. ‘ಉಳಿದವರು ಮುಂದುವರಿಸಬಹುದು’ ಅನ್ನುವ ಒಂದು ಸಾಲು ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಇದೆಯೇ ಎಂದು ಇವತ್ತೇ ತೆಗೆದು ಓದಿ. ಏಕವ್ಯಕ್ತಿ ಕಂಪನಿ ತೆರೆಯುವಾಗ ಮಾತ್ರ ನಾಮಿನಿ ಹೆಸರನ್ನು ಕೊಡಲೇಬೇಕು, ಇಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ.

ನಮ್ಮ ಪೀಣ್ಯದ ಯಜಮಾನರು ನಲವತ್ತು ದಿನದ ಮೇಲೆ ವಾಪಸ್ ಬಂದರು. ಮೊದಲ ವಾರವೇ ಬ್ಯಾಂಕಿಗೆ ಹೋಗಿ ಶ್ರೀಮತಿಯವರಿಗೂ ಸಹಿ ಮಾಡುವ ಅಧಿಕಾರ ಕೊಟ್ಟರು. ಆಮೇಲೆ ಸುಮಾರು ಸಂಜೆ ಫೋರ್‌ಮನ್ ಜೊತೆ ಕೂತು, ಡೈರಿಯ ಒಂದೊಂದು ಗುರುತನ್ನೂ ಬಿಡಿಸಿ ಹೇಳಿ, ಉದ್ದನೆಯ ನೋಟ್‌ಬುಕ್ಕಿಗೆ ಇಳಿಸಿದರು. ಇನ್ನು ಮೇಲೆ ಐವತ್ತು ಸಾವಿರದೊಳಗಿನ ಕೊಟೇಶನ್ ನೀವೇ ಹಾಕಿ ಅಂದರು.

ಫೋರ್‌ಮನ್ ಮೊದಲ ಕೊಟೇಶನ್ ತಯಾರು ಮಾಡಿ ತಂದ ದಿನ ನಾನು ಅಲ್ಲೇ ಇದ್ದೆ. ಹಾರ್ಡನಿಂಗ್, ಅಂದರೆ ಲೋಹ ಗಟ್ಟಿ ಮಾಡಿಸುವ ಖರ್ಚನ್ನು ಅವರು ಕಮ್ಮಿ ಹಿಡಿದಿದ್ದರು. ಆ ರೇಟಿಗೆ ಏನೂ ಉಳಿಯುತ್ತಿರಲಿಲ್ಲ, ಒಂದೆರಡು ಸಾವಿರ ಕೈಯಿಂದಲೇ ಹೋಗಬಹುದಿತ್ತು. ಯಜಮಾನರು ಹಾಳೆ ನೋಡಿದರು. ಪೆನ್ನಿನ ಕ್ಯಾಪ್ ತೆಗೆದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಕ್ಯಾಪ್ ಹಾಕಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ‘ಕಳಿಸಿ’ ಅಂದರು.